ಕೊನೆಯ ಮನೆಯಲ್ಲಿ ಯಾರೂ ಇಲ್ಲ

ಬೆಳಿಗ್ಗೆ ಬಾಗಿಲು ತೆಗೆದಾಗ ಗಡಿಯಾರದಣ್ಣನ ಕಣ್ಣಿಗೆ ಬಿದ್ದದ್ದು ಬಾಗಿಲ ಮೇಲೆ ಯಾರೋ ಹಳದಿ ಸೀಮೆಸುಣ್ಣದಲ್ಲಿ ಎಳೆದಿದ್ದ ದೊಡ್ಡದೊಂದು ಕತ್ತರಿ ಗುರುತು. ಯಾರದೋ ಕೀಟಲೆ ಎಂದುಕೊಂಡು ಒದ್ದೆ ಬಟ್ಟೆಯಿಂದ ಒರೆಸಿದ. ಒಳಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ ಗುರುತು ಮತ್ತೆ ಅಲ್ಲೇ ಇತ್ತು, ಮೊದಲಿಗಿಂತ ದಪ್ಪಗೆ. ಗಲ್ಲಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅದಕ್ಕೆಲ್ಲ ತಲೆಕೆಡಿಸಿಕೊಳ್ಳುವ ಪುರುಸೊತ್ತು ಅವತ್ತು ಅವನಿಗಿರಲಿಲ್ಲ. ಅವನದು ಗಲ್ಲಿಯ ಕೊನೆಯ ಮನೆ. ಮುಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿ, ಹಿಂದಿನ ಕೋಣೆಯಲ್ಲಿ ಸಂಸಾರ, ಸಂಸಾರವೆಂದರೆ ಅವನೊಬ್ಬನೇ. ಗೋಡೆಯ ಬಿರುಕಿನಲ್ಲಿ ಕೈ ತೂರಿಸಿದರೆ ಬೆರಳಿಗೆ ಹೊರಗಿನ ಗಾಳಿ ತಾಗುತ್ತಿತ್ತು. ಅವತ್ತು ನಸುಕಿನಲ್ಲಂತೂ ಸೂರಿನ ಗಾರೆ ಅರ್ಧ ಮಂಚದಷ್ಟು ಕಳಚಿ ನೇರವಾಗಿ ಅವನ ದಿಂಬಿನ ಮೇಲೆಯೇ ಬಿದ್ದಿತ್ತು. ಬಡವರ ಮನೆ ದುರಸ್ತಿಗೆ ಸರ್ಕಾರ ಕೊಡುವ ಅನುದಾನಕ್ಕೆ ಮೂರು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದ. ಎರಡು ಸಲ ವಾಪಸು ಬಂದಿತ್ತು. ಈ ಸಲ ಅರ್ಜಿಯ ಬದಲು ಪತ್ರ ಬಂದಿತ್ತು. ಇವತ್ತು ನಾಲ್ಕು ಗಂಟೆಗೆ ಸಾಹೇಬರು ಬಂದು ಮನೆ ನೋಡುತ್ತಾರಂತೆ. ಇಲ್ಲಿ ಇವನೇ ವಾಸವಾಗಿದ್ದಾನೆ ಎಂದು ನೆರೆಹೊರೆಯ ಇಬ್ಬರು ಸಹಿ ಹಾಕಿಕೊಡಬೇಕಂತೆ.

ಇಬ್ಬರ ಸಹಿ ಏನು ಮಹಾ! ಇಪ್ಪತ್ತೆರಡು ವರ್ಷದಿಂದ ಇಡೀ ಗಲ್ಲಿಯ ಗಡಿಯಾರಗಳನ್ನು ನಡೆಸಿಕೊಂಡು ಬಂದವನು ತಾನು. ಫಾರಂ ಮಡಚಿ ಜೇಬಿಗಿಟ್ಟುಕೊಂಡು ಹೊರಟ.

ಗಲ್ಲಿಯ ಸಂಘಕ್ಕೆ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು.

"ನಮಸ್ಕಾರ ಮೇಷ್ಟ್ರೇ. ಒಂದು ಸಹಿ ಬೇಕಿತ್ತು."

ಮೇಷ್ಟ್ರು ಪುಟ ತಿರುವಿದರು.

"ಮೇಷ್ಟ್ರೇ, ನಾನು."

ಮೇಷ್ಟ್ರು ತಲೆ ಎತ್ತಿದರು. ಅವರ ನೋಟ ಅವನ ಎದೆಗೆ ನಾಟಿತು; ಆದರೆ ಅಲ್ಲಿ ನಿಲ್ಲಲಿಲ್ಲ. ಕಿಟಕಿಯಿಂದಾಚೆ ನೋಡುವವರ ಹಾಗೆ ಅವನನ್ನು ದಾಟಿ ಹಿಂದಿನ ಗೋಡೆಯನ್ನು ನೋಡಿ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು: "ಲೇ, ಇವತ್ತು ಯಾಕೋ ಗಲ್ಲಿ ಬಿಕೋ ಅಂತಿದೆ ಕಣೇ."

"ಆ ಕೊನೇ ಮನೆ ಖಾಲಿ ಆದಾಗಿಂದ ಹೀಗೇ ಅಲ್ವಾಂದ್ರೆ," ಎಂದು ಒಳಗಿನಿಂದ ಉತ್ತರ ಬಂತು.

ಕೊನೇ ಮನೆ ಎಂದರೆ ತನ್ನದೇ ಅಲ್ಲವೇ! ಹೋದ ವಾರ ರಿಪೇರಿ ಮಾಡಿಕೊಟ್ಟ ಟೈಂಪೀಸು ಮತ್ತೆ ಕೈಕೊಟ್ಟಿರಬೇಕು, ಅದಕ್ಕೇ ಮುನಿಸು ಎಂದು ಸಮಾಧಾನ ಮಾಡಿಕೊಂಡು ಕ್ಷೌರದಂಗಡಿಗೆ ಹೋದ. ಕ್ಷೌರಿಕ ಅವನ ಹಳೆಯ ಸ್ನೇಹಿತ. ಹೇಗೂ ಸಾಹೇಬರ ಮುಂದೆ ಅಚ್ಚುಕಟ್ಟಾಗಿ ಕಾಣಬೇಕಲ್ಲ ಎಂದು ನೇರ ಕುರ್ಚಿಯಲ್ಲೇ ಹೋಗಿ ಕೂತ.

ಕ್ಷೌರಿಕ ಕೈಯಲ್ಲಿದ್ದ ಬಟ್ಟೆಯನ್ನು ಪಟಪಟನೆ ಕೊಡವಿ ಕುರ್ಚಿಯ ಧೂಳು ಹೊಡೆದ. ಏಟು ಬಿದ್ದದ್ದೆಲ್ಲ ಗಡಿಯಾರದಣ್ಣನ ಮೂತಿಗೆ.

"ಏಯ್, ಏನಿದು?"

"ಬೆಳಿಗ್ಗೆಯಿಂದ ಒಬ್ಬ ಗಿರಾಕೀನೂ ಇಲ್ಲ," ಎಂದು ಕ್ಷೌರಿಕ ಬಾಗಿಲ ಕಡೆ ನೋಡಿ ಹೇಳಿದ. ಅಷ್ಟರಲ್ಲಿ ಎದುರಂಗಡಿಯ ಇಸ್ತ್ರಿಯವನು ಒಳಗೆ ಬಂದ. "ಬನ್ನಿ ಬನ್ನಿ, ಕುರ್ಚಿ ಖಾಲಿ ಇದೆ."

ಇಸ್ತ್ರಿಯವನು ಆಳು ದಪ್ಪ. ಬಂದವನೇ ಗಡಿಯಾರದಣ್ಣನ ತೊಡೆಯ ಮೇಲೆ ಧೊಪ್ಪನೆ ಕೂತ.

"ಕುರ್ಚಿ ಸ್ವಲ್ಪ ಉಬ್ಬಿಕೊಂಡಿದೆಯಲ್ಲಪ್ಪ?"

"ಹೊಸ ಮೆತ್ತೆ ಹಾಕ್ಸಿದೀನಿ."

"ಕುಂಯ್ ಅಂತಿದೆ."

"ಸ್ಪ್ರಿಂಗು."

ಗಡಿಯಾರದಣ್ಣ ಉಸಿರು ಸಿಕ್ಕಿಕೊಂಡು ಕನ್ನಡಿಯತ್ತ ನೋಡಿದ. ಕನ್ನಡಿಯಲ್ಲಿ ಇಸ್ತ್ರಿಯವನಿದ್ದ, ಕ್ಷೌರಿಕನಿದ್ದ. ತಾನಿರಲಿಲ್ಲ. ಇಸ್ತ್ರಿಯವನ ದೇಹದ ಹಿಂದೆ ತಾನು ಕಾಣುವುದಾದರೂ ಹೇಗೆ ಎಂಬ ಸರಳ ಲೆಕ್ಕ ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ. ಹೇಗೋ ನುಸುಳಿಕೊಂಡು ಎದ್ದು ಮನೆಗೆ ಓಡಿದ. ದಾರಿಯಲ್ಲಿ ನಾಲ್ಕು ಕಿಟಕಿಗಳು ಒಂದಾದ ಮೇಲೊಂದು ಮುಚ್ಚಿಕೊಂಡವು.

ಹಿಂದಿನ ಕೋಣೆಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಮಂಚದ ಮೇಲೆ, ಹೊದಿಕೆಯ ಅಡಿ, ಯಾರೋ ಮಲಗಿದ್ದ ಹಾಗಿತ್ತು. ತಲೆ, ಭುಜ, ಮಡಚಿದ ಮೊಣಕಾಲು. ಬೆಳಿಗ್ಗೆ ಗಾರೆ ಬಿದ್ದಾಗ ತಾನು ಎದ್ದಿದ್ದೆನೋ, ಇನ್ನೂ ಮಲಗಿದ್ದೆನೋ? ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ. ಗೋಡೆಯ ಮೇಲಿನ ಹನ್ನೊಂದು ಗಡಿಯಾರಗಳು ಮಾತ್ರ ಮುಂದಿನ ಕೋಣೆಯಲ್ಲಿ ಟಿಕ್ ಟಿಕ್ ಎನ್ನುತ್ತಿದ್ದವು. ಹೊದಿಕೆಯ ತುದಿ ಹಿಡಿದು ಕಣ್ಣು ಮುಚ್ಚಿ ಎಳೆದ. ಹೊದಿಕೆಯ ಮಡಿಕೆಗಳಲ್ಲಿ ಸಿಕ್ಕಿಕೊಂಡಿದ್ದ ಗಾರೆಯ ಹೆಂಟೆಗಳು ದಡಬಡನೆ ಉರುಳಿ ಸುಣ್ಣದ ಧೂಳು ಅವನನ್ನು ಅಡಿಯಿಂದ ಮುಡಿಯವರೆಗೆ ಮುಚ್ಚಿತು. ದಿಂಬು, ಗಾರೆ, ಅಷ್ಟೇ. ಸದ್ಯ, ಹೆಣ ಇರಲಿಲ್ಲ. ಆದರೆ ಸತ್ತವರಿಗೆ ತಮ್ಮ ಹೆಣ ಕಾಣುತ್ತದೆ ಎಂದು ಯಾರು ಹೇಳಿದ್ದಾರೆ? ಚಿವುಟಿಕೊಂಡ. ನೋವಾಯಿತು. ಸತ್ತ ಮೇಲೆ ನೋವಾಗುವುದಿಲ್ಲವೆಂದೂ ಯಾರು ಹೇಳಿದ್ದಾರೆ?

ಆಗ ಕಾಲಿಗೆ ಏನೋ ಮೆತ್ತಗೆ ತಾಗಿತು. ಎದುರು ಮನೆಯ ಬೆಕ್ಕು. ಅವನ ಮುಖ ನೋಡಿ ಮ್ಯಾಂವ್ ಎಂದಿತು.

"ನಿನ್ ಕಣ್ಣಿಗಾದ್ರೂ ಕಾಣ್ತೀನಲ್ಲ ನನ್ ತಾಯಿ," ಎನ್ನುವಾಗ ಅವನ ಕಣ್ಣು ತುಂಬಿ ಬಂತು.

ಬೆಕ್ಕಿನ ಹಿಂದೆಯೇ ಅದರ ಒಡತಿ ಬಂದಳು. ಗಲ್ಲಿಯವರೆಲ್ಲ ಹೊಲಿಗೆಯಕ್ಕ ಎನ್ನುವ ಆ ಹೆಂಗಸು ಬಾಗಿಲಲ್ಲಿ ನಿಂತು ಬೆಕ್ಕನ್ನಷ್ಟೇ ನೋಡಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು ಹಿಡಿದು ಅವಳ ಬೆರಳೆಲ್ಲ ಹಳದಿಯಾಗಿತ್ತು.

"ಬೆಕ್ಕೇ, ಕೇಳು. ನಾನು ನಿನ್ ಹತ್ರ ಮಾತ್ರ ಮಾತಾಡ್ತಿರೋದು, ಬೇರೆ ಯಾರ ಹತ್ರಾನೂ ಅಲ್ಲ. ಭಾನುವಾರ ಮೀಟಿಂಗಲ್ಲಿ ಎಲ್ಲರೂ ಆಣೆ ಮಾಡಿದೀವಿ. ಗಲ್ಲಿ ಸುಧಾರಣೆಗೆ ಸರ್ಕಾರ ಅನುದಾನ ಕೊಡುತ್ತಂತೆ. ಚರಂಡಿ, ದೀಪ, ಎಲ್ಲರ ಮನೆಗೂ ಹೊಸ ಸೂರು. ಆದ್ರೆ ಪಾಳುಬಿದ್ದ ಮನೆ ಒಂದಾದ್ರೂ ಇರೋ ಗಲ್ಲಿಗೆ ಮಾತ್ರ. ನಮ್ ಗಲ್ಲೀಲಿ ಪಾಳುಬಿದ್ದ ಹಾಗೆ ಕಾಣೋದು ಇದೊಂದೇ."

"ಅಕ್ಕಾ! ನನಗೊಂದು ಮಾತು ಹೇಳಬಾರದಿತ್ತಾ?"

"ಅವರಿಗೆ ಮೊದಲೇ ಹೇಳಿದ್ರೆ ಸುಳ್ಳು ಹೇಳೋಕೆ ಬರಲ್ಲ ಬೆಕ್ಕೇ. ಎಲ್ಲಾ ಬಾಯಿಬಿಟ್ಟುಬಿಡ್ತಾರೆ. ನಾಲ್ಕಕ್ಕೆ ಬರೋ ಸಾಹೇಬ್ರೇ ಅವರ ಅರ್ಜಿ, ಗಲ್ಲಿ ಅನುದಾನ ಎರಡನ್ನೂ ನೋಡೋದು. ಅರ್ಧ ಗಂಟೆ ಬೀರು ಹಿಂದೆ ನಿಂತ್ಕೊಂಡ್ರೆ ಸಾಕು. ಮೊದಲು ಅವರ ಸೂರೇ ಹಾಕ್ಸೋದು ಅಂತ ಮೇಷ್ಟ್ರು ಮಾತು ಕೊಟ್ಟಿದಾರೆ." ಅವಳ ದನಿ ಇಳಿಯಿತು. "ಮಳೆ ಬಂದ್ರೆ ನಾನು ಮಿಷಿನ್ ಮೇಲೆ ಛತ್ರಿ ಕಟ್ಕೊಂಡು ಹೊಲೀತೀನಿ. ನಿನಗೆ ಗೊತ್ತಲ್ಲ ಬೆಕ್ಕೇ."

ಗಡಿಯಾರದಣ್ಣನಿಗೂ ಗೊತ್ತಿತ್ತು. ಆ ಛತ್ರಿಯ ಕಡ್ಡಿ ಸರಿಮಾಡಿಕೊಟ್ಟವನೇ ಅವನು. ಎರಡು ಸಲ ವಾಪಸು ಬಂದ ಅರ್ಜಿ ಮೂರನೇ ಸಲ ಮಂಜೂರಾದೀತೆಂಬ ನಂಬಿಕೆಯೂ ಅಷ್ಟಕ್ಕಷ್ಟೇ. ಜೇಬಿನಲ್ಲಿದ್ದ ಫಾರಮನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ಆಗ್ಲಿ ಅಂತ ಹೇಳು ಬೆಕ್ಕೇ," ಎಂದ.

ನಾಲ್ಕಕ್ಕೆ ಎರಡು ನಿಮಿಷವಿರುವಾಗ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಮುಂದಿನ ಕೋಣೆಯ ಬೀರುವಿನ ಹಿಂದೆ ಅವನು ಗೋಡೆಗೆ ಅಂಟಿಕೊಂಡ. ಸಾಹೇಬರು ಸಣಕಲು ಮನುಷ್ಯ. ಅವರ ಜೊತೆ ಮೇಷ್ಟ್ರು, ಕ್ಷೌರಿಕ, ಬೆಕ್ಕನ್ನು ಎತ್ತಿಕೊಂಡ ಹೊಲಿಗೆಯಕ್ಕ.

"ಐದು ವರ್ಷದಿಂದ ಖಾಲಿ ಸಾರ್. ಇದ್ದ ಒಬ್ರೂ ತೀರ್ಕೊಂಡ್ರು," ಎಂದರು ಮೇಷ್ಟ್ರು.

"ಮತ್ತೆ ಈ ಗಡಿಯಾರಗಳು ನಡೀತಾ ಇವೆಯಲ್ಲ?"

ಅಷ್ಟರಲ್ಲಿ ಮೊದಲ ಗಡಿಯಾರ ನಾಲ್ಕು ಹೊಡೆಯಿತು. ಅದು ಮುಗಿಯುವ ಮೊದಲೇ ಎರಡನೆಯದು, ಅದರ ಹಿಂದೆ ಮೂರನೆಯದು, ಹೀಗೆ ಹನ್ನೊಂದೂ. ಸಾಹೇಬರ ಕೈಯಿಂದ ಪೆನ್ನು ಬಿತ್ತು.

"ಯಾರೂ ಕೀ ಕೊಡಲ್ಲ ಸಾರ್," ಎಂದ ಕ್ಷೌರಿಕ. "ಅವೇ ನಡೀತವೆ."

ಸಾಹೇಬರು ಬೆವರು ಒರೆಸಿಕೊಂಡು ಇನ್ನೊಂದು ಫೈಲು ತೆಗೆದರು. "ಹಾಗಾದ್ರೆ ಇದೇನು? ಈ ಮನೆಯಿಂದ ಮೂರು ತಿಂಗಳ ಹಿಂದೆ ದುರಸ್ತಿಗೆ ಅರ್ಜಿ ಬಂದಿದೆ. ಮಂಜೂರೂ ಆಗಿದೆ. ದುರಸ್ತಿಯಲ್ಲ, ಪೂರ್ತಿ ಹೊಸ ಮನೆ. ಮನುಷ್ಯನ ಮುಖ, ನೆರೆಯವರ ಸಹಿ ನೋಡಿ ಮೊಹರು ಒತ್ತೋದೊಂದೇ ಬಾಕಿ." ಅವರ ದನಿ ಸಣ್ಣಗಾಯಿತು. "ಐದು ವರ್ಷದ ಹಿಂದೆ ಸತ್ತವರು ಅರ್ಜಿ ಹೇಗೆ ಬರೆದ್ರು?"

ಹೊಸ ಮನೆ! ಗಡಿಯಾರದಣ್ಣನಿಗೆ ತಡೆಯಲಾಗಲಿಲ್ಲ. ಬೀರುವನ್ನು ತಳ್ಳಿಕೊಂಡು ಹೊರಗೆ ಬಂದ. ಕೊಡವಲು ಮರೆತ ಸುಣ್ಣದ ಧೂಳಿನಿಂದ ತಲೆ ಬಿಳಿ, ಮುಖ ಬಿಳಿ, ರೆಪ್ಪೆಯೂ ಬಿಳಿ. ಗಂಟಲಿಗೆ ಧೂಳು ಹಿಡಿದು ದನಿ ಬಾವಿಯೊಳಗಿನಿಂದ ಬಂದ ಹಾಗೆ ಬಂತು.

"ನಾನೇ... ಸಾರ್... ಬರೆದದ್ದು... ನಾನು ಇಲ್ಲೇ ಇದ್ದೀನಿ..."

ಸಾಹೇಬರು ಮೇಷ್ಟ್ರ ತೋಳು ಗಟ್ಟಿಯಾಗಿ ಹಿಡಿದುಕೊಂಡರು. "ನಿಮಗೆ... ನಿಮಗೂ ಕಾಣಿಸ್ತಿದೆಯಾ?"

ಮೇಷ್ಟ್ರು ಅವನನ್ನು ದಿಟ್ಟಿಸಿದರು. ಆಮೇಲೆ ಅದೇ ನೋಟ, ಕಿಟಕಿಯಿಂದಾಚೆ ನೋಡುವಂಥದ್ದು.

"ಎಲ್ಲಿ ಸಾರ್? ಅಲ್ಲಿ ಯಾರೂ ಇಲ್ವಲ್ಲ."

"ಬರೀ ಗೋಡೆ ಸಾರ್," ಎಂದ ಕ್ಷೌರಿಕ.

"ಅಕ್ಕಾ, ನೀವಾದ್ರೂ ಹೇಳಿ!" ಎಂದು ಅವನು ಅಂಗಲಾಚಿದ. ಹೊಲಿಗೆಯಕ್ಕ ಬೆಕ್ಕಿನ ತಲೆ ಸವರುತ್ತ ನೆಲ ನೋಡಿದಳು.

ಸಾಹೇಬರು ಉಳಿದ ಕೆಲಸವನ್ನೆಲ್ಲ ಹೊಸ್ತಿಲಾಚೆ ನಿಂತೇ ಮುಗಿಸಿದರು. ಗಲ್ಲಿಗೆ ಪೂರ್ತಿ ಅನುದಾನ. ಅರ್ಜಿಯ ಮೇಲೆ 'ಅರ್ಜಿದಾರರು ಇಲ್ಲ' ಎಂಬ ಮೊಹರು. "ಈ ಮನೆ ನಾಳೆ ಬೆಳಿಗ್ಗೇನೇ ನೆಲಸಮ ಆಗ್ಬೇಕು. ಪಾರ್ಕ್ ಮಾಡಿ. ಕೆಲಸ ಮುಗಿಯೋವರೆಗೂ ನಮ್ಮ ಕಡೆಯವರು ಹೇಳ್ದೆ ಕೇಳ್ದೆ ಬಂದು ನೋಡ್ತಿರ್ತಾರೆ. ನಾನಂತೂ ಬರಲ್ಲ," ಎಂದವರೇ ಹಿಂದಿರುಗಿ ನೋಡದೆ ಹೋದರು.

"ಅವರು ಹೋದ್ರಲ್ಲ, ಇನ್ನಾದ್ರೂ ಮಾತಾಡಿ ಮೇಷ್ಟ್ರೇ," ಎಂದ ಗಡಿಯಾರದಣ್ಣ.

ಮೇಷ್ಟ್ರು ಗಲ್ಲಿಯ ಬಾಯಿಯತ್ತ ನೋಡಿದರು. ಅಲ್ಲಿ ಯಾರೋ ಅಪರಿಚಿತ ನಿಂತಿದ್ದ. ದಾರಿಹೋಕನೋ, ಸಾಹೇಬರ ಕಡೆಯವನೋ. ಅವರು ಚರಂಡಿಯ ವಿಷಯ ಮಾತಾಡುತ್ತ ಕ್ಷೌರಿಕನ ಜೊತೆ ನಡೆದುಬಿಟ್ಟರು. ಹೊಲಿಗೆಯಕ್ಕ ಮಾತ್ರ ಒಂದು ಗಳಿಗೆ ನಿಂತು ಬೆಕ್ಕನ್ನು ಕೆಳಗಿಳಿಸಿದಳು.

"ಬೆಕ್ಕೇ, ಪಾರ್ಕಿಗೆ ಅವರ ಹೆಸರೇ ಇಡೋಣ ಅಂತ ಎಲ್ಲರಿಗೂ ಹೇಳ್ತೀನಿ. ಮಧ್ಯೆ ಒಂದು ದೊಡ್ಡ ಗಡಿಯಾರ."

ಗಡಿಯಾರದಣ್ಣ ಬೆಕ್ಕಿನೆದುರು ಕುಕ್ಕರಗಾಲಲ್ಲಿ ಕೂತ. "ಬೆಕ್ಕೇ, ನಾಳೆಯಿಂದ ನಾನು ಎಲ್ಲಿ ಮಲಗೋದು ಅಂತ ಅಕ್ಕನ್ನ ಕೇಳು."

ಬೆಕ್ಕು ತಲೆ ಎತ್ತಿ ಅವನ ಕಡೆ ನೋಡಿತು. ಅವನನ್ನೋ, ಅವನ ಹಿಂದಿನ ಗೋಡೆಯನ್ನೋ ತಿಳಿಯಲಿಲ್ಲ. ಆಮೇಲೆ ಒಮ್ಮೆ ಆಕಳಿಸಿ, ಅಲ್ಲಿ ಯಾರೂ ಇಲ್ಲವೆಂಬಂತೆ ಅವನನ್ನು ದಾಟಿ ಖಾಲಿ ಮನೆಯೊಳಗೆ ಹೋಗಿ ಮಲಗಿತು.