ಹದಿನೆಂಟು ಹಾಳೆಗಳ ಹಿಂಬದಿ

ನಾನು ಈ ಜನ್ಮದಲ್ಲಿ ಪೂರ್ತಿ ಓದಿದ ಪುಸ್ತಕಗಳು ಎರಡು. ಒಂದು ಸಾಕ್ಷರತೆಯವರು ಕೊಟ್ಟದ್ದು, ಇನ್ನೊಂದು ಕುಕ್ಕರಿನ ಡಬ್ಬಿಯಲ್ಲಿ ಬಂದದ್ದು. ಉಪಯೋಗಕ್ಕೆ ಬಂದದ್ದು ಎರಡನೆಯದೇ. ಹಾಳು ಮಾಡಿದ ಪುಸ್ತಕ ಮಾತ್ರ ಒಂದೇ ಒಂದು. ಆದರೆ ಆ ಒಂದರ ಸುದ್ದಿ ಕೊಟ್ಟೂರಿನಿಂದ ಹೊರಟು ಹರಪನಹಳ್ಳಿ ಮುಟ್ಟಿ, ಅಲ್ಲಿಂದ ಹಡಗಲಿ ಸುತ್ತಿ ನಮ್ಮ ಓಣಿಗೇ ವಾಪಸು ಬಂದಾಗ, ನಾನು ಆ ಪುಸ್ತಕವನ್ನು ಒಲೆಗೆ ಹಾಕಿ ಹೋಳಿಗೆ ಮಾಡಿದೆ ಎನ್ನುವಲ್ಲಿಗೆ ಬಂದಿತ್ತು. ಅದಕ್ಕೇ ನಾನೇ ಬರೆದುಬಿಡೋಣ ಎಂದು ಕೂತೆ. ಬರೆಯಲು ಹದಿನಾರು ದಿನ ಹಿಡಿಯಿತು. ಪಕ್ಕದ ಮನೆಯ ಗಿರಿಜಾ ಒತ್ತಕ್ಷರ ತಿದ್ದಿಕೊಟ್ಟಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ನಮ್ಮ ಮನೆಯವರು ಕೊಟ್ಟೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಔಷಧದಂಗಡಿಯ ಕರಪತ್ರ, ಇಂಥವು. ಬಿಡುವಿದ್ದಾಗ ಹಳೆಯ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟಿಕೊಡುತ್ತಿದ್ದರು. ಹೀಗೆ ಕಟ್ಟಿಕೊಡುತ್ತ ಕೊಡುತ್ತ ಯಾವಾಗಲೋ ಒಮ್ಮೆ ಕೊಡುವುದನ್ನು ನಿಲ್ಲಿಸಿ ಇಟ್ಟುಕೊಳ್ಳಲು ಶುರುಮಾಡಿದರು. ಮೊದಲ ಸಲ ಅಚ್ಚಾದ ಪುಸ್ತಕ, ಕಲ್ಲಚ್ಚಿನ ಪುಸ್ತಕ, ಯಾರೋ ಸತ್ತವರು ಸಹಿ ಹಾಕಿದ ಪುಸ್ತಕ. ಕಾನಹೊಸಹಳ್ಳಿಯ ರದ್ದಿ ಅಂಗಡಿಗೆ ಇವರು ಹೋಗುತ್ತಿದ್ದ ಗತ್ತು ನೋಡಿದರೆ ಬೀಗರ ಮನೆಗೆ ಹೊರಟಿದ್ದಾರೆ ಅನ್ನಬೇಕು. ಬರುವಾಗ ಟವೆಲ್ಲಿನಲ್ಲಿ ಏನನ್ನೋ ಸುತ್ತಿ, ಎಳೆಗೂಸಿನ ಹಾಗೆ ಎದೆಗೆ ಅವುಚಿಕೊಂಡು ಬಸ್ಸಿನಿಂದ ಇಳಿಯುತ್ತಿದ್ದರು. ಜೋಳದ ಚೀಲ ಇಡುವ ಅಟ್ಟದ ಮೇಲೆ ಪುಸ್ತಕ ಏರಿತು, ಜೋಳ ಮಂಚದ ಕೆಳಗೆ ಇಳಿಯಿತು. ಹುಳ ಹಿಡಿಯಬಾರದೆಂದು ಪುಸ್ತಕಕ್ಕೆ ಬೇವಿನ ಎಲೆ. ಜೋಳಕ್ಕೆ ಹುಳ ಹಿಡಿದರೆ ನಾನು ಆರಿಸಬೇಕು.

ಓಣಿಯ ಹೆಂಗಸರು, "ನಿನ್ನ ಗಂಡ ಕುಡಿಯಂಗಿಲ್ಲ, ಇಸ್ಪೀಟು ಆಡಂಗಿಲ್ಲ, ನೀನು ಪುಣ್ಯವಂತಿ ಬಿಡಬೇ" ಅನ್ನುತ್ತಿದ್ದರು. ಕುಡುಕನ ಹೆಂಡತಿ ಖಾಲಿ ಬಾಟಲಿಯನ್ನಾದರೂ ಹೊರಗೆ ಹಾಕಬಹುದು. ಇಲ್ಲಿ ಖಾಲಿಯಾಗುವುದು ಅಂತ ಒಂದು ಇರಲಿಲ್ಲ.

ಇದಕ್ಕೆ ಅವರು ಕೊಡುತ್ತಿದ್ದ ಕಾರಣ ಒಂದೇ. "ನಮ್ಮ ಹಿರಿಯರು ಗುಡೇಕೋಟಿ ಪಾಳೇಗಾರರ ಹತ್ರ ಬರೆಹಗಾರರಾಗಿದ್ರು. ಕಾಗದದ ಮ್ಯಾಲಿನ ಪ್ರೀತಿ ನಮಗ ರಕ್ತದಾಗ ಐತಿ." ಮೂವತ್ತು ವರ್ಷ ಈ ಮಾತು ಕೇಳಿದ್ದೇನೆ. ಅವರ ಊರು ಗುಡೇಕೋಟೆ ಎಂಬುದು ನಿಜ. ಉಳಿದದ್ದಕ್ಕೆ ಪುರಾವೆ ಇರಲಿಲ್ಲ. ಹೀಗಿರುವಾಗ ಹರಪನಹಳ್ಳಿಯ ಒಬ್ಬ ಹಳೆಯ ವಕೀಲರು, ಅವರೂ ಇದೇ ರೋಗದವರು, ತಮ್ಮ ಟ್ರಂಕಿನಲ್ಲಿ ಪಾಳೇಗಾರರ ಕಾಲದ ಒಂದು ಕಾಗದ ಇದೆಯೆಂದೂ, ಅದರಲ್ಲಿ ಗುಡೇಕೋಟೆಯ ಸಣ್ಣ ವೀರಪ್ಪ ಎಂಬ ಹೆಸರಿದೆಯೆಂದೂ ಹೇಳಿದರು. ಸಣ್ಣ ವೀರಪ್ಪ ನಮ್ಮ ಮನೆಯವರ ಮುತ್ತಜ್ಜನ ಅಜ್ಜ. ಅಂದಿನಿಂದ ನಮ್ಮವರಿಗೆ ಆ ಕಾಗದ ಬಿಟ್ಟರೆ ಬೇರೆ ಮಾತಿಲ್ಲ. ವಕೀಲರು ಮಾರುವವರಲ್ಲ. ಬದಲಿಗೆ ಏನಾದರೂ ಅಪರೂಪದ್ದು ಕೊಟ್ಟರೆ ಕೊಟ್ಟೇನು ಅನ್ನುವವರು.

ಅಪರೂಪದ್ದು ಹೊಳಲು ಎಂಬ ಊರಿನಲ್ಲಿ ಸಿಕ್ಕಿತು. ಅಲ್ಲಿ ಒಬ್ಬರ ಮನೆಯ ಪುರಾಣದ ಪುಸ್ತಕಗಳಿಗೆಲ್ಲ ಇವರು ರಟ್ಟು ಕಟ್ಟಿಕೊಟ್ಟಿದ್ದಕ್ಕೆ, ಆ ಮನೆಯವರು ಸಂತೋಷಪಟ್ಟು ಒಂದು ಚಿತ್ರದ ಪುಸ್ತಕ ಕೊಟ್ಟರು. ಯಾರೋ ಚಿತ್ರಗಾರ ಹಿಂದೊಮ್ಮೆ ಈ ಸೀಮೆಯನ್ನೆಲ್ಲ ಸುತ್ತಿ, ಕಂಡದ್ದನ್ನು ಮರದ ಹಲಗೆಯ ಮೇಲೆ ಕೆತ್ತಿ, ಮಸಿ ಹಚ್ಚಿ, ತಾನೇ ಕೈಯಿಂದ ಒತ್ತಿ ಐವತ್ತೇ ಪ್ರತಿ ಮಾಡಿದ್ದನಂತೆ. ಹದಿನೆಂಟು ಹಾಳೆ, ಹದಿನೆಂಟು ಚಿತ್ರ. ಕೊನೆಯದು ಒಂದು ಕುರಿಹಿಂಡು, ಅದರ ಕೆಳಗೆ ಅವನ ಸಹಿ. ಹೊಲಿಗೆ ಬಿಚ್ಚಿಹೋಗಿತ್ತು. ಮತ್ತೆ ಹೊಲಿಯಬೇಕೆಂದು ಇವರು ಹಾಳೆಗಳನ್ನು ಬಿಡಿಸಿ, ಸುಕ್ಕು ಹೋಗಲಿ ಎಂದು ಪಡಸಾಲೆಯಲ್ಲಿ ಒಂದು ಹಲಗೆಯ ಕೆಳಗಿಟ್ಟು, ಹಡಗಲಿಯ ಶಾಲೆಯೊಂದರ ಪುಸ್ತಕ ಕಟ್ಟಲು ಮೂರು ದಿನ ಹೋದರು. ನನಗೆ ಏನೂ ಹೇಳಲಿಲ್ಲ. ಹೇಳಿದರೆ ಎಲ್ಲಿ ಇಡ್ತೀರಿ ಎಂದು ಕೇಳುತ್ತೇನಲ್ಲ, ಅದಕ್ಕೆ.

ಇದೇ ಹೊತ್ತಿಗೆ ನಾನು ಅಕ್ಷರ ಕಲಿಯುತ್ತಿದ್ದೆ. ಕಲಿಯುವ ಆಸೆಯೇನೂ ನನಗಿರಲಿಲ್ಲ. ಸಾಕ್ಷರತೆಯ ಕ್ಲಾಸು ಗಿರಿಜಾಳದು. ಅವಳ ಕ್ಲಾಸಿಗೆ ಒಂದು ತಲೆ ಕಡಿಮೆ ಬಿದ್ದಿತ್ತು. "ಅತ್ತಿ, ಸುಮ್ನ ಬಂದು ಕುಂದರ್ರಿ, ಕಲೀಬ್ಯಾಡ್ರಿ" ಎಂದಳು. ಕೂತೆ. ಮಧ್ಯಾಹ್ನ ಎರಡು ತಾಸು ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದರೆ, ಅದಕ್ಕಿಂತ ಕಲಿಯುವುದೇ ಸುಲಭ. ಸಹಿಯವರೆಗೆ ಬಂದೆ. ಕೊಟ್ರಮ್ಮ. ಇಷ್ಟೇ. ನಮ್ಮವ್ವ ಹೆಸರಿಡುವಾಗ ಒಂದಿಷ್ಟು ಯೋಚನೆ ಮಾಡಿ ಉಮಾ, ರಮಾ ಅಂತ ಇಟ್ಟಿದ್ದರೆ ನನಗೆ ಅರ್ಧ ಕೆಲಸ ಉಳಿಯುತ್ತಿತ್ತು. ತಿದ್ದಿ ತಿದ್ದಿ ರೂಢಿ ಮಾಡಿಕೊಳ್ಳಿರೆಂದು ಗಿರಿಜಾ ಹೇಳಿದ್ದಳು.

ತಿದ್ದಲು ನಮ್ಮ ಮನೆಯಲ್ಲಿ ಕಾಗದಕ್ಕೆ ಬರವಿಲ್ಲ. ಪ್ರೆಸ್ಸಿನಲ್ಲಿ ಮಸಿ ಹೆಚ್ಚಾಗಿ, ಇಲ್ಲವೇ ತಪ್ಪು ಬಿದ್ದು ಕೆಟ್ಟ ಹಾಳೆಗಳನ್ನು ಇವರು ಮನೆಗೆ ತರುತ್ತಿದ್ದರು. ಒಂದು ಬದಿ ಕೆಟ್ಟಿದ್ದರೂ ಇನ್ನೊಂದು ಬದಿ ಖಾಲಿ ಇರುತ್ತಿತ್ತಲ್ಲ. ನಮ್ಮ ಮಕ್ಕಳು ಮಗ್ಗಿ ಬರೆದದ್ದು ಯಾರದೋ ಲಗ್ನಪತ್ರಿಕೆಯ ಹಿಂಬದಿಗೆ. ಎರಡೂ ಬದಿ ಅಚ್ಚಾದದ್ದು ಪುಸ್ತಕ, ಒಂದೇ ಬದಿ ಅಚ್ಚಾದದ್ದು ರದ್ದಿ. ಪ್ರೆಸ್ಸಿನವರ ಮನೆಯಲ್ಲಿ ಇದು ಕಾಯಿದೆ. ಇವರೇ ಹೇಳಿದ್ದರು: "ಒಂದು ಬದಿ ಖಾಲಿ ಇರೋದೆಲ್ಲ ನಿಂದು, ತಗೋ. ಎರಡೂ ಬದಿ ಅಚ್ಚಾಗಿದ್ದು ಮುಟ್ಟಬ್ಯಾಡ."

ಹಲಗೆ ಎತ್ತಿ ನೋಡಿದೆ. ಒಂದು ಬದಿ ಕರ್ರಗೆ ಮಸಿ. ಇನ್ನೊಂದು ಬದಿ ಹಸುವಿನ ಹಾಲಿನ ಕೆನೆಯಂಥ ಖಾಲಿ. ಲಗ್ನಪತ್ರಿಕೆಯ ಮೇಲೆ ಪೆನ್ನು ಜಾರುತ್ತದೆ. ಇದರ ಮೇಲೆ ಜಾರಲಿಲ್ಲ, ಊರಿ ನಿಂತಿತು. ದಿನಕ್ಕೆ ಆರು ಹಾಳೆಯಂತೆ ಮೂರು ದಿನಕ್ಕೆ ಹದಿನೆಂಟನ್ನೂ ಮುಗಿಸಿದೆ. ಹಾಳೆಗೆ ಒಂದೇ ಸಹಿ, ದೊಡ್ಡದಾಗಿ, ನಡುಮಧ್ಯೆ. ಮುಗಿಸಿ, ಇದ್ದ ಹಾಗೆಯೇ ಜೋಡಿಸಿ, ಹಲಗೆಯನ್ನೂ ಇಟ್ಟೆ. ನನ್ನ ಕೆಲಸ ಅಚ್ಚುಕಟ್ಟು.

ಶುಕ್ರವಾರ ಇವರು ಹಡಗಲಿಯಿಂದ ಬಂದರು. ಭಾನುವಾರ ವಕೀಲರು ಬರುವವರಿದ್ದರು. ಸೂಜಿಗೆ ದಾರ ಪೋಣಿಸಿಕೊಂಡು ಕೂತು ಮೊದಲ ಹಾಳೆ ಮಗುಚಿದರು. ಸೂಜಿ ಕೆಳಗಿಟ್ಟರು.

"ಇದೇನು?" ಎಂದರು.

"ನನ್ನ ಸಹಿ."

"ಅದು ಕಾಣತೈತಿ. ಇಲ್ಲ್ಯಾಕ ಐತಿ?"

"ಖಾಲಿ ಇತ್ತಲ್ರಿ. ಖಾಲಿದೆಲ್ಲ ನಿಂದು ಅಂತ ನೀವ ಹೇಳೀರಿ."

"ಲೇ, ಇದು ಬೇಕಂತನ ಖಾಲಿ ಬಿಟ್ಟಿದ್ದು."

"ಖಾಲಿ ಬಿಡಾಕ ಅಷ್ಟು ದಪ್ಪ ಕಾಗದ ಯಾಕ ಬೇಕಿತ್ತು?"

ಅವರು ಒಂದೊಂದೇ ಹಾಳೆ ಮಗುಚಿ ನೋಡುತ್ತ ಹೋದರು. ಕೊನೆಯದನ್ನು ನೋಡಿ, "ಇದರಾಗ ಅವನ ಸಹಿ ಇದ್ದದ್ದು ಕಾಣಲಿಲ್ಲೇನು?" ಎಂದರು. ಕಂಡಿತ್ತು. ಅವನೂ ನನ್ನ ಹಾಗೆ ಯಾರೋ ಕಲಿಯುವವನಿರಬೇಕು ಅಂದುಕೊಂಡಿದ್ದೆ. ಹಾಗೆಂದೆ. ಅದು ಹೇಳಬಾರದ ಮಾತಾಗಿತ್ತು ಎಂದು ಅವರ ಮುಖ ನೋಡಿದ ಮೇಲೆ ತಿಳಿಯಿತು.

ನನಗೆ ಇಂದಿಗೂ ಪೂರ್ತಿ ಬಗೆಹರಿಯದ ಸಂಗತಿ ಇದು. ಸಹಿ ಎಂದರೆ ನಮ್ಮಲ್ಲಿ ಒಪ್ಪಿಗೆ. ಹೊಲ ಬರೆದುಕೊಟ್ಟೆ, ಮಗುವನ್ನು ಶಾಲೆಗೆ ಸೇರಿಸಿದೆ, ಹೀಗೆ ಏನಾದರೊಂದಕ್ಕೆ ಒಪ್ಪಿ ಹಾಕುವುದು. ಆ ಚಿತ್ರಗಾರ ಕುರಿಹಿಂಡಿನ ಕೆಳಗೆ ಸಹಿ ಹಾಕಿ ಯಾವುದಕ್ಕೆ ಒಪ್ಪಿದ? ಅದಕ್ಕೆ ಅಷ್ಟು ಮರ್ಯಾದೆ, ನನ್ನದಕ್ಕೆ ಈ ಗತಿ. ಕೇಳಿದರೆ ನಮ್ಮವರು, "ಅಂವ ಸತ್ತಾನ" ಎಂದರು. ಹಾಗಾದರೆ ಸ್ವಲ್ಪ ದಿನ ಕಾಯಿರಿ ಎಂದೆ.

ಶನಿವಾರವಿಡೀ ಅವರು ರಬ್ಬರು ತಿಕ್ಕಿದರು, ಬ್ರೆಡ್ಡಿನ ಚೂರು ತಿಕ್ಕಿದರು. ಬಾಲ್ ಪೆನ್ನು ಕದಲಲಿಲ್ಲ. ನಾನು ಒತ್ತಿ ಬರೆಯುವವಳು. ಮೇಲೆ ಬಿಳಿ ಕಾಗದ ಅಂಟಿಸಿಬಿಡಿ ಎಂದೆ. "ಅದು ಮೋಸ ಆಗತೈತಿ" ಎಂದರು. ರೊಟ್ಟಿ ಮುಂದಿಟ್ಟರೆ ಮುಟ್ಟಲಿಲ್ಲ. "ಉಂಡು ಕೊರಗ್ರಿ, ಹಸಗೊಂಡು ಕೊರಗಿದ್ರ ಸಹಿ ಅಳಿಸತೈತೇನು?" ಎಂದೆ. ಆಗ ಅವರು ಬಹಳ ಸಣ್ಣ ದನಿಯಲ್ಲಿ, "ಮೂವತ್ತು ವರ್ಷದಿಂದ ಎಲ್ಲಾರ ಮುಂದೂ ಹೇಳಿಕೋತ ಬಂದೀನಿ. ಒಂದು ಕಾಗದ ಕೈಯಾಗ ಇದ್ದಿದ್ರ ಸಾಕಿತ್ತು" ಎಂದರು. ಅವರು ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ಈ ದನಿಗೆ ಏನು ಮಾಡಬೇಕೆಂದು ತಿಳಿಯದೆ ಇನ್ನೊಂದು ರೊಟ್ಟಿ ಹಾಕಿದೆ.

ಭಾನುವಾರ ವಕೀಲರು ಬಂದರು. ಚರ್ಮದ ಚೀಲ, ಭೂತಗನ್ನಡಿ. ಮೊದಲು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದು ಕೈ ತೊಳೆದು ಒರೆಸಿಕೊಂಡರು. ನಮ್ಮವರು ಗಂಟಲು ಸರಿಮಾಡಿಕೊಂಡು, "ವಕೀಲರೇ, ಮೊದಲ ಒಂದು ಮಾತು ಹೇಳಬೇಕು" ಎಂದು ಶುರುಮಾಡಿದರು. ಅಷ್ಟಕ್ಕೇ ನಿಂತರು.

"ಹಾಳೆ ಹಿಂದ ನಾನು ಸಹಿ ಮಾಡೀನ್ರಿ. ಎಲ್ಲಾ ಹಾಳಿಗೂ" ಎಂದು ನಾನೇ ಹೇಳಿದೆ.

ವಕೀಲರು ಭೂತಗನ್ನಡಿ ಹಿಡಿದು ಒಂದರಿಂದ ಹದಿನೆಂಟರವರೆಗೆ ನೋಡಿದರು. ನಡುವೆ ಒಂದು ಸಲ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು. "ಮೊದಲನೇದ್ರಲ್ಲಿ ಅಕ್ಷರ ಎಲ್ಲಾ ಬಿದ್ದುಹೋಗ್ಯವೆ. ಹದಿನೆಂಟನೇದಕ್ಕೆ ಬರೋ ಹೊತ್ತಿಗೆ ತಹಶೀಲ್ದಾರ್ರ ಸಹಿ ಆಗೈತಲ್ಲಮ್ಮ" ಎಂದರು. ನನಗೆ ಒಳಗೊಳಗೇ ಹಿಗ್ಗಾಯಿತು. ಆಮೇಲೆ ಅವರು ಹಾಳೆಗಳನ್ನು ಕೆಳಗಿಟ್ಟು, "ಆದ್ರೆ ಪುಸ್ತಕ ಹೋಯ್ತು, ಯಜಮಾನ್ರೇ. ಇದು ಐವತ್ತು ಇದ್ವು. ಈಗ ನಲವತ್ತೊಂಬತ್ತು" ಎಂದು ಚೀಲದ ಬಾಯಿ ಮುಚ್ಚಿ ಬೀಗ ಒತ್ತಿದರು.

ನಮ್ಮವರ ಮುಖ ನಾನು ನೋಡಲಿಲ್ಲ. ನೋಡದೆಯೇ ಹೇಳಿದೆ: "ಹಂಗ್ಯಾಕ್ರಿ? ಉಳಿದ ನಲವತ್ತೊಂಬತ್ತೂ ಒಂದರಂಗ ಒಂದು ಅದಾವ. ಇಂಥದ್ದು ಮತ್ತೊಂದು ಎಲ್ಲೈತಿ ತೋರಸ್ರಿ. ಅಪರೂಪದ್ದು ಬೇಕು ಅಂದವರು ನೀವ ಅಲ್ಲೇನು?"

ವಕೀಲರು ಬೀಗದ ಮೇಲಿನ ಕೈ ತೆಗೆದರು. "ಅಮ್ಮಾ, ನೀವು ನನ್ನ ಎದುರು ಪಾರ್ಟಿಗೆ ವಕೀಲರಾಗ್ಲಿಲ್ಲ, ನಾನು ಬದುಕ್ದೆ" ಎಂದರು. ಹಾಗೆಂದು ಸುಮ್ಮನೆ ಬಿಟ್ಟುಕೊಡುವ ಮನುಷ್ಯರಲ್ಲ ಈ ಪುಸ್ತಕದ ಹುಚ್ಚಿನವರು. ಈ ಪುಸ್ತಕದ ಜೊತೆಗೆ ಅಟ್ಟದ ಮೇಲಿನ ಎರಡು ಕಲ್ಲಚ್ಚಿನ ಪುಸ್ತಕಗಳನ್ನೂ ಕೊಟ್ಟರೆ ಕಾಗದ ಕೊಡುತ್ತೇನೆ ಎಂದರು. ನಮ್ಮವರು ಎದ್ದು ಏಣಿ ಹತ್ತಿದರು. ಎರಡು ಪುಸ್ತಕ ಇಳಿಸಲು ಅಷ್ಟು ಹೊತ್ತು ಬೇಕಿಲ್ಲ. ಇಳಿದು ಬಂದಾಗ ಎರಡನ್ನೂ ತಮ್ಮ ಒಗೆದ ಪಂಚೆಯಲ್ಲಿ ಸುತ್ತಿದ್ದರು. ಪಂಚೆ ವಾಪಸು ಕೇಳಲು ನನಗೆ ಬಾಯಿ ಬರಲಿಲ್ಲ. ಅಂದು ನಾನು ಎಷ್ಟು ಸೋತಿದ್ದೆ ಎಂಬುದಕ್ಕೆ ಇಷ್ಟು ಸಾಕು.

ವಕೀಲರು ಕಾಗದ ಬಿಚ್ಚಿದರು. ಕಂದು ಬಣ್ಣದ್ದು, ಮಡಿಕೆಯಲ್ಲಿ ಹರಿದದ್ದು, ಮೇಲೆ ಒಂದು ಮುದ್ರೆ. ಕೋಟೆಯ ಬಾಗಿಲಿಗೆ ಕಲ್ಲು ಹೇರಿ ತಂದದ್ದಕ್ಕಾಗಿ ಸಣ್ಣ ವೀರಪ್ಪನಿಗೆ ಒಂದು ಹೊಲ ಕೊಟ್ಟದ್ದು ಎಂದು ಓದಿದರು. ಬರೆದವನು ಬೇರೆ ಯಾರೋ. ಕೆಳಗೆ ಸಣ್ಣ ವೀರಪ್ಪನ ಒಪ್ಪಿಗೆ ಇರಬೇಕಾದ ಜಾಗದಲ್ಲಿ ಅಕ್ಷರವಿರಲಿಲ್ಲ. ಒಂದು ಬಾರುಕೋಲಿನ ಚಿತ್ರವಿತ್ತು. ಬರೆಯಲು ಬಾರದವರು ಆಗ ತಮ್ಮ ತಮ್ಮ ಕಸುಬಿನ ಗುರುತು ಹಾಕುತ್ತಿದ್ದರು, ಇವನು ಎತ್ತಿನ ಗಾಡಿಯವನು ಎಂದು ವಕೀಲರು ವಿವರಿಸಿದರು.

ನಾನು, "ಬರೆಹಗಾರರು ಅಂದಿದ್ರಿ" ಎಂದೆ.

ನಮ್ಮವರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಬಹಳ ಹೊತ್ತು ನೋಡಿದರು. "ಗೆರಿ ನೋಡು" ಎಂದರು, "ಎಷ್ಟು ನೆಟ್ಟಗೆ ಎಳದಾನ." ಅವರ ಕಣ್ಣಲ್ಲಿದ್ದ ಸಂತೋಷಕ್ಕೆ ಒಂದು ಚೂರೂ ಮುಕ್ಕಾಗಿರಲಿಲ್ಲ. ನನಗೆ ನಗು ಬಂದಿತ್ತು, ನುಂಗಿದೆ. ಆದರೆ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದು ಸುಳ್ಳಲ್ಲ: ಇವರ ಮನೆತನದಲ್ಲಿ ಬಾರುಕೋಲು, ಇವರ ಹೆಂಡತಿಯದು ಹದಿನೆಂಟು ಸಹಿ. ಓದಿದವರು ಯಾರು ಎಂದು ಊರಿಗೆ ಹೋದಾಗ ಕೇಳಬೇಕು.

ವಕೀಲರು ವಕೀಲರೇ. ಕೊಟ್ಟದ್ದು, ಪಡೆದದ್ದು ಎಲ್ಲಾ ಬರಹದಲ್ಲಿರಲಿ ಎಂದು ಅಲ್ಲೇ ಕರಾರುಪತ್ರ ಬರೆದರು. ಅವರು ಸಹಿ ಹಾಕಿದರು, ನಮ್ಮವರು ಹಾಕಿದರು. "ಸಾಕ್ಷಿಗೆ ನೀವೇ ಹಾಕ್ರಮ್ಮ. ಈ ವಿಷಯದಲ್ಲಿ ನಿಮಗಿಂತ ಪಳಗಿದವ್ರು ಯಾರದಾರೆ" ಎಂದು ಕಾಗದವನ್ನೂ ತಮ್ಮ ಇಂಕ್ ಪೆನ್ನನ್ನೂ ನನ್ನ ಮುಂದಿಟ್ಟರು.

ಸೆರಗು ಸಿಕ್ಕಿಸಿಕೊಂಡು ಕೂತೆ. ಪೆನ್ನು ಹಿಡಿದೆ. ಆ ಕಡೆ ವಕೀಲರು ಕನ್ನಡಕ ಏರಿಸಿಕೊಂಡು ನೋಡುತ್ತಿದ್ದಾರೆ, ಈ ಕಡೆ ನಮ್ಮವರು ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ಹದಿನೆಂಟು ಸಲ ತಾನೇ ತಾನಾಗಿ ಓಡಿದ ಕೈ ಅಲ್ಲೇ ನಿಂತಿತು. ಕೊ ಎಂದು ಬರೆದೆ. ಅದರ ಮುಂದೆ ನನ್ನ ಹೆಸರೇನು ಎಂಬುದೇ ತಲೆಯಲ್ಲಿ ಇರಲಿಲ್ಲ. ಪೆನ್ನಿನ ಬಾಯಿಂದ ಒಂದು ದೊಡ್ಡ ಹನಿ ಮಸಿ ಬಿದ್ದು ಆ ಕೊ ಕೂಡ ಮುಳುಗಿತು. ಇಬ್ಬರಲ್ಲಿ ಒಬ್ಬರಾದರೂ ಏನಾದರೂ ಅಂದಿದ್ದರೆ ಸಿಟ್ಟಿನಲ್ಲಾದರೂ ಬರೆಯುತ್ತಿದ್ದೆ. ಕೊನೆಗೆ ಆ ಮಸಿಯ ಹನಿಯಲ್ಲೇ ಹೆಬ್ಬೆಟ್ಟು ಅದ್ದಿ, ಪಕ್ಕದಲ್ಲಿ ಒತ್ತಿ, ಎದ್ದುಹೋಗಿ ಚಹಾಕ್ಕೆ ಇಟ್ಟೆ.

ಆ ಕರಾರುಪತ್ರವನ್ನು ವಕೀಲರು ಚಿತ್ರದ ಪುಸ್ತಕದ ಜೊತೆಗೇ ಇಟ್ಟಿದ್ದಾರಂತೆ. ನೋಡಲು ಬಂದವರಿಗೆ ಮೊದಲು ಹದಿನೆಂಟು ಸಹಿಗಳನ್ನು ತೋರಿಸಿ, ಆಮೇಲೆ ಈ ಹೆಬ್ಬೆಟ್ಟನ್ನು ತೋರಿಸಿ, ಎರಡೂ ಒಬ್ಬಳದೇ ಎನ್ನುತ್ತಾರಂತೆ. ಯಾರೂ ನಂಬುವುದಿಲ್ಲವಂತೆ. ನಾನು ಹೋಗಿ ಅವರೆದುರೇ ಬರೆದು ತೋರಿಸಬಹುದು. ಆದರೆ ಎದುರಿಗೆ ಯಾರಾದರೂ ಇದ್ದರೆ ನನಗೆ ಬರೆಯಲು ಬರುವುದಿಲ್ಲ.