ಕಬ್ಬಕ್ಕಿಗಳ ಯೋಗಕ್ಷೇಮಾಧಿಕಾರಿಗಳಿಗೆ, ಸೀತನಿ ಕಳೆದುಕೊಳ್ಳುತ್ತಿರುವ ಹಿತ್ತಲಿನಿಂದ

ಗುಡೂರು, ಹುನಗುಂದ ತಾಲ್ಲೂಕು
9 ಜನವರಿ 1958

ಮಹಾರಾಜರಾಜಶ್ರೀ ಪಕ್ಷಿ ಸಂವರ್ಧನಾಧಿಕಾರಿಗಳ ಸನ್ನಿಧಾನಕ್ಕೆ, ಪೆನ್ಶನ್ ಮಾಸ್ತರನಾದ ಪಂಢರೀನಾಥನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ಇದಕ್ಕೆ ಮೊದಲು ಬರೆದ ಮೂರು ಅರ್ಜಿಗಳು ತಮ್ಮ ಕಚೇರಿಯಲ್ಲಿ ಸುಖವಾಗಿ ನಿದ್ರಿಸುತ್ತಿರುವುದರಿಂದ, ಅವುಗಳ ನಿದ್ರೆ ಕೆಡಿಸುವ ಮನಸ್ಸಿಲ್ಲದೆ ಈ ನಾಲ್ಕನೆಯದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಕಳೆದ ಶ್ರಾವಣದಲ್ಲಿ ತಾವು ನಮ್ಮೂರ ಚಾವಡಿಗೆ ದಯಮಾಡಿಸಿ, ಮಿಡತೆ ತಿಂದು ರೈತನನ್ನು ಕಾಯುವ ಕಬ್ಬಕ್ಕಿಗಳ ಸಂಖ್ಯೆ ಕುಸಿಯುತ್ತಿದೆ, ಅವುಗಳಿಗೆ ಸ್ವಂತ ಹಿತ್ತಲನ್ನು ಮಾದರಿ ತೋಟವಾಗಿ ಬಿಟ್ಟುಕೊಡುವ ಪುಣ್ಯವಂತರು ಇಲ್ಲಿ ಯಾರೂ ಇಲ್ಲವೇ ಎಂದು ಗದ್ಗದಿತರಾಗಿ ಕೇಳಿದಾಗ, ಮೂವತ್ತೊಂದು ವರ್ಷ ಮಕ್ಕಳಿಗೆ ಕೈ ಎತ್ತಲು ಹೇಳಿಕೊಟ್ಟ ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ತಾವು 'ಪಕ್ಷಿಮಿತ್ರ' ಎಂದು ಕರೆದು ಹಾರ ಹಾಕಿದಿರಿ. ಆ ಹೊತ್ತಿನಲ್ಲಿ ನನಗೆ ಬಹಳ ಹೆಮ್ಮೆಯಾಗಿತ್ತು ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಮರುವಾರವೇ ಹಿತ್ತಲ ಬಾಗಿಲಿಗೆ ಪಾಟಿ ಬಂತು. ಇದು ಮಾದರಿ ತೋಟ, ಇದರೊಳಗೆ ಕವಣೆ ಬೀಸುವುದು, ಡಬ್ಬಿ ಬಡಿಯುವುದು, ಬೆದರುಗೊಂಬೆ ನಿಲ್ಲಿಸುವುದು ಶಿಕ್ಷಾರ್ಹ ಎಂದು ಅದರಲ್ಲಿ ಬರೆದಿತ್ತು. ಅದರ ಹಿಂದೆಯೇ ಗೂಡು ಕಟ್ಟಿಕೊಳ್ಳಲೆಂದು ಹನ್ನೆರಡು ಕಟ್ಟಿಗೆಯ ಪೆಟ್ಟಿಗೆಗಳು ಬಂದವು. ಹೋಳಿ ಹುಣ್ಣಿಮೆಯೊಳಗೆ ಮೊಟ್ಟೆಗಳ ಸಂಖ್ಯೆ ತಿಳಿಸಬೇಕೆಂಬ ತಮ್ಮ ಆಜ್ಞೆಯನ್ನು, ನಮ್ಮಲ್ಲಿ ನಲವತ್ತು ವರ್ಷದಿಂದ ಜೋಳ ಕಾಯುವ ಗುರುಲಿಂಗವ್ವನಿಗೆ ಓದಿ ಹೇಳಿದೆ. ಆಕೆ ಸೆರಗು ಬಾಯಿಗೆ ಹಚ್ಚಿ ನಕ್ಕು, "ಅವು ಬಾಣಂತನ ಮಾಡಿಕೊಳ್ಳೂದು ಬ್ಯಾರೆ ದೇಶದಾಗ್ರೀ ಮಾಸ್ತರ್ರ, ಇಲ್ಲಿಗೆ ಬರೂದು ಉಣ್ಣಾಕಷ್ಟ" ಎಂದಳು. ಇಲಾಖೆಗೆ ಗೊತ್ತಿಲ್ಲದ್ದು ಅಕ್ಷರ ಬಾರದವಳಿಗೆ ಗೊತ್ತಿರುವುದು ಉದ್ಧಟತನವೆಂದು ನಾನು ಆಕೆಯನ್ನು ಗದರಿಸಿದೆ. ಸದ್ಯಕ್ಕೆ ಪೆಟ್ಟಿಗೆಗಳಲ್ಲಿ ಅಳಿಲುಗಳು ಸಂಸಾರ ಹೂಡಿವೆ.

ಗಣತಿಯ ವಿಷಯದಲ್ಲಿ ತಾವು ತೋರಿದ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು. ಮೊದಲ ಸಂಜೆ ಮೂರು ಹಕ್ಕಿ ಕಂಡವೆಂದು ಬರೆದರೆ, 'ಪ್ರಗತಿ ಅಸಮಾಧಾನಕರ' ಎಂಬ ಷರಾ ಬಂತು. ಮಾರ್ಗಶಿರದಲ್ಲಿ ಅವು ಮೋಡದಂತೆ ಬಂದಿಳಿದಾಗ ಇನ್ನೂರ ಹದಿನಾಲ್ಕರವರೆಗೆ ಎಣಿಸಿದೆ. ಅಷ್ಟರಲ್ಲಿ ಇಡೀ ಹಿಂಡು ಎದ್ದು ಒಂದು ಸುತ್ತು ಹಾಕಿ ಬೇರೆ ಬೇರೆ ಕಡೆ ಕೂತಿತು. 'ಎಣಿಸಲಾಗದಷ್ಟು' ಎಂದು ಬರೆದುದಕ್ಕೆ ಅಂಕಿಯಲ್ಲಿ ಬರೆಯಲು ಆಜ್ಞೆಯಾಯಿತು. ನಾಲ್ಕು ಸಾವಿರ ಎಂದು ಬರೆದುದಕ್ಕೆ, ಅವುಗಳಲ್ಲಿ ಗಂಡೆಷ್ಟು, ಹೆಣ್ಣೆಷ್ಟು ಎಂದು ಕೇಳಿದಿರಿ. ಎಲ್ಲವೂ ಒಂದೇ ತೆರನಾಗಿ ಗುಲಾಬಿ ಅಂಗಿ ತೊಟ್ಟು ಕರಿ ರುಮಾಲು ಸುತ್ತಿಕೊಂಡು ಬರುವುದರಿಂದ, ಈ ಪ್ರಶ್ನೆಯನ್ನು ಅವುಗಳಿಗೇ ಕೇಳಿದ್ದೇನೆ, ಉತ್ತರ ಬಂದ ಕೂಡಲೇ ಕಳಿಸುತ್ತೇನೆ.

ಈಗ ನನ್ನ ಚಿಕ್ಕ ತಕರಾರು. ತಾವು ರಾಗಿಯ ಸೀಮೆಯವರಾದ್ದರಿಂದ ಸೀತನಿಯ ಬಗ್ಗೆ ತಿಳಿದಿರಲಾರದು. ಸೀತನಿ ಜೋಳದ ತೆನೆಯಲ್ಲಿ ಹಾಲು ತುಂಬಿದಾಗ, ಅದನ್ನು ಸಗಣಿಯ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಕಾಳನ್ನು ಶೇಂಗಾ ಚಟ್ನಿಯೊಂದಿಗೆ ತಿನ್ನುತ್ತೇವೆ. ಎಂಟು ದಿನ ಕಳೆದರೆ ಕಾಳು ಬಲಿಯುತ್ತದೆ, ಆಮೇಲೆ ಮುಂದಿನ ವರ್ಷವೇ. ಓಣಿಯಲ್ಲಿ ಈ ಜೋಳ ಇರುವುದು ನಮ್ಮ ಹಿತ್ತಲಲ್ಲಿ ಮಾತ್ರ. ಚೊಚ್ಚಲ ಬಸುರಿಯಾದ ನನ್ನ ಮಗಳು ಲೀಲಾಬಾಯಿ ಏಳು ತಿಂಗಳಿಗೆ ಬಾದಾಮಿಯಿಂದ ತವರಿಗೆ ಬಂದಿದ್ದಾಳೆ. ಆಕೆಯ ಬಯಕೆ ಒಂದೇ, ಸೀತನಿ. ಬಸುರಿಯ ಬಯಕೆ ತೀರದಿದ್ದರೆ ಕೂಸಿನ ಕಿವಿ ಸೋರುತ್ತದೆಂದು ನನ್ನ ಹೆಂಡತಿ ಸರಸ್ವತೀಬಾಯಿ ದಿನಕ್ಕೆ ನಾಲ್ಕು ಸಲ ನನಗೆ ನೆನಪಿಸುತ್ತಾಳೆ.

ಪಾಟಿ ಇಲ್ಲದ ಕಾಲದಲ್ಲಿ ಏನಾಗುತ್ತಿತ್ತೆಂದರೆ, ಗುರುಲಿಂಗವ್ವ ಅಟ್ಟದ ಮೇಲೆ ನಿಂತು ಹಸಿ ಮಣ್ಣಿನ ಉಂಡೆಯನ್ನು ಹಕ್ಕಿಗಳ ಮೇಲಿಂದ ಬೀಸುತ್ತಿದ್ದಳು. ಕವಣೆಯ ಸದ್ದಿಗೆ ಅವು ಪಕ್ಕದ ಹೊಲಕ್ಕೆ ಹೋದರೆ, ಅಲ್ಲಿಯವರು ಬೀಸಿ ಅದರಾಚೆಗೆ ಕಳಿಸುತ್ತಿದ್ದರು. ಹೀಗೆ ಪ್ರತಿಯೊಂದು ಹೊಲದಲ್ಲಿ ಒಂದೊಂದು ತುತ್ತು ಉಂಡು ಹಕ್ಕಿಯೂ ಬದುಕುತ್ತಿತ್ತು, ಒಕ್ಕಲೂ ಬದುಕುತ್ತಿತ್ತು. ಈಗ ಸುತ್ತಲಿನ ಎಲ್ಲ ಕವಣೆಗಳೂ ಓಡಿಸಿದ ಹಕ್ಕಿಗಳಿಗೆ ಇಳಿಯಲು ಒಂದೇ ಜಾಗ ಉಳಿದಿದೆ, ತಮ್ಮ ಮಾದರಿ ತೋಟ. ಪಕ್ಕದ ಹೊಲದ ಖಾಸಿಂಸಾಬರು ಬೇಲಿಯ ಬಳಿ ಬಂದು, "ನಿಮ್ಮ ಪಾಟಿ ನಮ್ಮ ಪೀಕು ಉಳಿಸೇತ್ರಿ ಮಾಸ್ತರ್ರ. ನಮ್ಮ ಹಕ್ಕಿನೂ ನಿಮ್ಮ ಲೆಕ್ಕದಾಗ ಬರಕೊಳ್ರಿ" ಎಂದು ಕೃತಜ್ಞತೆ ಸಲ್ಲಿಸಿ ಹೋದರು. ನನ್ನ ಹೆಂಡತಿ ತನ್ನ ಹಳೆಯ ಇಳಕಲ್ ಸೀರೆ ಹರಿದು ತೆನೆಗಳಿಗೆ ಕಟ್ಟಿದಳು. ಆಗ ತಪಾಸಣೆಗೆ ಬಂದ ತಮ್ಮ ಸಿಪಾಯಿ, ಇದು ಹಕ್ಕಿಗಳ ಆಹಾರಕ್ಕೆ ಅಡ್ಡಿ ಎಂದು ಒಂದೊಂದೇ ಗಂಟು ಬಿಚ್ಚಿಸಿದ.

ಹನ್ನೆರಡು ಗುಂಟೆಯಲ್ಲಿ ಈಗ ಉಳಿದಿರುವುದು ಬಾವಿಯ ಬದಿಯ ನಾಲ್ಕು ಸಾಲು, ಹಾಲುಗಾಳು ಬಲಿಯಲು ಉಳಿದಿರುವುದು ಮೂರು ದಿನ. ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಒಂದೋ ಗುರುಲಿಂಗವ್ವನ ಕವಣೆಗೆ ಮೂರು ದಿನದ ಪರವಾನಗಿ ಕೊಡಬೇಕು, ಅಥವಾ ತಮ್ಮ ಮಾತು ಕೇಳುವಂತೆ ತೋರುವ ಹಕ್ಕಿಗಳಿಗೆ ಆ ನಾಲ್ಕು ಸಾಲು ಬಿಟ್ಟು ಉಣ್ಣಬೇಕೆಂದು ಸುತ್ತೋಲೆ ಹೊರಡಿಸಬೇಕು. ಎರಡೂ ಆಗದಿದ್ದರೆ, ಹುಟ್ಟುವ ಕೂಸಿನ ಕಿವಿ ಒರೆಸಲು ಹತ್ತಿಯೊಂದಿಗೆ ಒಬ್ಬ ಗುಮಾಸ್ತರನ್ನು ಕಾಯಂ ಆಗಿ ನೇಮಿಸಬೇಕು.

ತಮ್ಮ ವಿಶ್ವಾಸಿಯೂ ನಾಲ್ಕು ಸಾವಿರ ಅತಿಥಿಗಳ ಯಜಮಾನನೂ ಆದ,
ಪಂಢರೀನಾಥ ಮಾಸ್ತರ

ತಾ.ಕ.: ಸಹಿ ಹಾಕಿ ಶಾಯಿ ಆರುವುದರೊಳಗೆ ಹಿತ್ತಲಲ್ಲಿ ಕವಣೆಯ ಸದ್ದು ಕೇಳಿ ಓಡಿಹೋದೆ. ಕಾನೂನಿಗೆ ಹೆದರುವ ಗುರುಲಿಂಗವ್ವ ಎರಡೂ ಕೈ ಕಟ್ಟಿಕೊಂಡೇ ನಿಂತು, "ಮ್ಯಾಲೆ ಬೀಸವ್ವಾ, ಪಾಪ, ಹಕ್ಕಿಗೆ ತಾಗಬಾರದು" ಎಂದು ಬಾಯಲ್ಲಿ ಮಾತ್ರ ಹೇಳಿಕೊಡುತ್ತಿದ್ದಳು. ಬೀಸುತ್ತಿದ್ದವಳು ನನ್ನ ಮಗಳು. ಪಾಟಿಯ ಕಡೆ ಬೆರಳು ತೋರಿಸಿದೆ. "ಪಕ್ಷಿಮಿತ್ರ ನೀವು ಅಪ್ಪಾ, ನಾ ಬಸುರಿ" ಎಂದು ಕವಣೆಗೆ ಇನ್ನೊಂದು ಉಂಡೆ ಇಟ್ಟಳು. ನಾನು ಒಳಗೆ ಹೋಗಿ ಕುಳ್ಳಿಗೆ ಬೆಂಕಿ ಹಚ್ಚಿದೆ. ಆರೋಪಿಯನ್ನು ವಿಚಾರಿಸಲು ಬರುವುದಿದ್ದರೆ ದಯವಿಟ್ಟು ಎರಡು ತಿಂಗಳು ಬಿಟ್ಟು ಬರಬೇಕು. ಆಗ ಆರೋಪಿಗಳು ಇಬ್ಬರಾಗಿರುತ್ತಾರೆ.