ನಾನು ನಾರುವುದಿಲ್ಲ ಎಂಬ ಸರ್ಟಿಫಿಕೇಟು

ಇವಳು: ಏಸಿಗೆ ಏನಾಗಿದೆ ಅಂತ ಮೆಕ್ಯಾನಿಕ್ಕನ್ನ ಕರ್ಸಿದ್ರಿ? ತಣ್ಣಗೆ ಗಾಳಿ ಬರ್ತಿದೆ. ನಾರ್ತಿರೋದು ನೀವು.

ನಾನು: ಅದನ್ನೇ ಇವತ್ತು ತೀರ್ಮಾನ ಮಾಡ್ಸೋಣ ಅಂತ.

ಇವಳು ಎಂದರೆ ನನ್ನ ಹೆಂಡತಿ. ಮೂಗು ಬಹಳ ಚುರುಕು. ಪಕ್ಕದ ಮನೆಯ ಹಾಲು ಒಡೆಯುವ ಸುದ್ದಿ ಆ ಮನೆಯವರಿಗಿಂತ ಮೊದಲು ಇವಳಿಗೆ ಗೊತ್ತಾಗುತ್ತದೆ. ಅಂಥ ಮೂಗು ನನ್ನ ಕಡೆ ತಿರುಗಿ ಮೂರು ತಿಂಗಳಾಯಿತು. ಮಲಗುವ ಕೋಣೆಯಲ್ಲಿ ಒದ್ದೆ ಕಾಲುಚೀಲದ ವಾಸನೆ ಬರುತ್ತಿದೆ, ಅದು ನಿಮ್ಮದೇ ಎಂದು ತೀರ್ಪು ಕೊಟ್ಟು, ದಿಂಬು ಚಾಪೆ ಸಮೇತ ನನ್ನನ್ನು ಹಾಲಿಗೆ ಅಟ್ಟಿದ್ದಾಳೆ. ಹದಿನೆಂಟು ವರ್ಷ ಸಂಸಾರ ಮಾಡಿದವನು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮಲಗಬೇಕೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ದಿನಕ್ಕೆರಡು ಸಲ ಸ್ನಾನ ಮಾಡಿದೆ. ಔಷಧಿ ಸೋಪು ಡಜನ್‌ಗಟ್ಟಲೆ ತಂದೆ. ತಲೆಯ ಎಣ್ಣೆ ಬದಲಾಯಿಸಿದೆ, ಬನಿಯನ್ನುಗಳನ್ನೆಲ್ಲ ಬಿಸಾಕಿ ಹೊಸದು ತಂದೆ. ಇನ್ನು ಬದಲಾಯಿಸಲು ಉಳಿದಿದ್ದು ನನ್ನ ಚರ್ಮ ಒಂದೇ.

ಆದ್ದರಿಂದ ಈ ಭಾನುವಾರ ಮೆಕ್ಯಾನಿಕ್ಕನ್ನು ಕರೆಸಿದ್ದೆ. ಏಸಿ ರಿಪೇರಿಗಲ್ಲ. ವಾಸನೆ ನನ್ನದಲ್ಲ ಎಂದು ಅವನ ಕೈಯಲ್ಲಿ ಬರೆಸಿಕೊಂಡು ನನ್ನ ಮಂಚಕ್ಕೆ ವಾಪಸು ಹೋಗುವುದಕ್ಕೆ.

ಮೆಕ್ಯಾನಿಕ್: ಗ್ಯಾಸ್ ಕಮ್ಮಿ ಇದೆ ಅಂತ ಬೇಕಾದ್ರೆ ಬರ್ಕೊಡ್ತೀನಿ ಸರ್. ಮನುಷ್ಯರ ಬಗ್ಗೆ ನಾವು ಬರ್ಯಲ್ಲ.

ಇವಳು: ನಾನೇನು ಬಾಯಿಗೆ ಬಂದಿದ್ದು ಹೇಳ್ತಿಲ್ಲ ಅಣ್ಣಾ, ಪರೀಕ್ಷೆ ಮಾಡಿದೀನಿ. ಇವರನ್ನ ಹಾಲಿಗೆ ಕಳ್ಸಿದ ದಿನದಿಂದ ರೂಮಲ್ಲಿ ಒಂದು ಚೂರೂ ವಾಸನೆ ಇಲ್ಲ. ನಡುನಡುವೆ ಪಾಪ ಅನ್ನಿಸಿ ಒಳಗೆ ಕರೀತೀನಿ. ಹತ್ತೇ ನಿಮಿಷ, ಗಬ್ಬೆದ್ದು ಹೋಗುತ್ತೆ.

ಮೆಕ್ಯಾನಿಕ್ ಸ್ಟೂಲಿನ ಮೇಲೆ ನಿಂತವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸ್ಟೂಲನ್ನು ಒಂದಿಷ್ಟು ಆಚೆ ಸರಿಸಿಕೊಂಡ.

ಮೆಕ್ಯಾನಿಕ್: ಅಮ್ಮ ಹೇಳೋದ್ರಲ್ಲಿ ಪಾಯಿಂಟ್ ಇದೆ ಸರ್.

ನಾನು: ಕರ್ಸಿದ್ದು ನಾನಪ್ಪ.

ಅವನು ಸ್ವಲ್ಪ ಹೊತ್ತು ಸ್ಕ್ರೂಡ್ರೈವರಿನಿಂದ ಕಿವಿಯ ಹಿಂದೆ ಕೆರೆದುಕೊಂಡ. ಆಮೇಲೆ, ಸರ್ ಹಾಲಿನಲ್ಲಿ ಮಲಗಿದ ದಿನ ಏಸಿ ಹಾಕ್ತೀರಾ ಎಂದು ಇವಳನ್ನು ಕೇಳಿದ.

ಇವಳು: ನಾನ್ಯಾಕೆ ಹಾಕ್ಲಿ? ನಂಗೆ ಫ್ಯಾನೇ ಚಳಿ. ಸೆಕೆ ಸೆಕೆ ಅಂತ ಒದ್ದಾಡೋರು ಇವರು.

ಮೆಕ್ಯಾನಿಕ್: ಅಂದ್ರೆ ಸರ್ ಒಳಗೆ ಬಂದ ದಿನ ಮಾತ್ರ ಏಸಿ ಓಡುತ್ತೆ.

ಮೂರು ತಿಂಗಳು ಚಾಪೆಯ ಮೇಲೆ ಹೊರಳಾಡಿದರೂ ಈ ವಿಚಾರ ನನ್ನ ತಲೆಗೆ ಹೊಳೆದಿರಲಿಲ್ಲ. ಅವನ ಕಾಲಿಗೆ ಬೀಳೋಣ ಎನಿಸಿತು, ಆದರೆ ಕಾಲು ಸ್ಟೂಲಿನ ಮೇಲಿತ್ತು.

ಇವಳು: ಹಂಗಾದ್ರೆ ಇವರ ವಾಸನೆನ ಅದು ಒಳಗೆ ಎಳ್ಕೊಂಡು, ತಣ್ಣಗೆ ಮಾಡಿ, ಮತ್ತೆ ನನ್ನ ಮೇಲೇ ಬಿಡುತ್ತೆ ಅಂತಾಯ್ತು.

ನಾನು: ಚಳಿಗಾಲದಲ್ಲಿ?

ಇವಳು: ಬಿಸಿ ಮಾಡಿ ಬಿಡುತ್ತೆ. ಎರಡೂ ಮಾಡೋ ಮೆಷಿನ್ನು ಅಂತ ನೀವೇ ಆರಿಸ್ಕೊಂಡು ತಂದಿದ್ದಲ್ವಾ.

ಮೆಕ್ಯಾನಿಕ್ ವಾದಕ್ಕೆ ನಿಲ್ಲಲಿಲ್ಲ. ಏಸಿಯ ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಅದರ ತುದಿಯನ್ನು ಬಕೆಟ್ಟಿಗೆ ಬಿಟ್ಟು, ಪಂಪಿನಿಂದ ಒಳಗೆ ನೀರು ಹಾಯಿಸಿದ. ಬಕೆಟ್ಟಿಗೆ ಇಳಿದ ನೀರು ಕಾಡಿಗೆ ಕರಗಿಸಿದ ಹಾಗಿತ್ತು. ಒಳಗಿನ ಫ್ಯಾನಿನ ಎಸಳುಗಳ ಮೇಲೆ ಕಪ್ಪು ಚುಕ್ಕೆ ದಟ್ಟವಾಗಿ ಹಬ್ಬಿದ್ದನ್ನು ಟಾರ್ಚು ಬಿಟ್ಟು ತೋರಿಸಿದ.

ಮೆಕ್ಯಾನಿಕ್: ಇದು ಬೂಷ್ಟು ಅಮ್ಮಾ. ಒಳಗೆ ಒದ್ದೆ ನಿಂತ್ರೆ ಬೆಳ್ಯುತ್ತೆ. ಗಾಳಿ ಓಡಿದ ತಕ್ಷಣ ವಾಸನೆ ಹೊರಗೆ.

ಇವಳು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿ ಮೂಸಿದಳು. ಏನೇ ಹೇಳಿ, ಮೂಗಿನ ವಿಷಯದಲ್ಲಿ ಇವಳು ಸುಳ್ಳು ಹೇಳುವವಳಲ್ಲ.

ಇವಳು: ಇದೇ.

ಬಿಲ್ಲಿನ ಹಿಂಭಾಗವನ್ನು ಅವನ ಮುಂದೆ ಹಿಡಿದೆ. 'ವಾಸನೆ ಏಸಿಯದು, ಸರ್ ಅವರದಲ್ಲ' ಎಂದು ಅವನು ದುಂಡಗೆ ಬರೆದ. ಇನ್ನು ಸಹಿ ಒಂದು ಬಾಕಿ.

ಇವಳು: ಒಂದ್ನಿಮಿಷ. ಒಳಗೆ ಒದ್ದೆ ಯಾಕೆ ನಿಂತ್ಕೊಳ್ತು?

ಮೆಕ್ಯಾನಿಕ್: ಫಿಲ್ಟರ್ ಯಾರು ತೊಳ್ಯೋದು?

ನಾನು: ನಾನೇ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ. ನನ್ನ ಜೊತೆಗೇ ಅದಕ್ಕೂ ಸ್ನಾನ. ಅದೇ ಸೋಪು.

ಮೆಕ್ಯಾನಿಕ್: ಒಣಗಿಸಿ ಹಾಕ್ತೀರಾ?

ನಾನು: ಒಣಗಿಸೋದ್ಯಾಕೆ? ಹಸಿ ಹಸಿ ಹಾಕಿದ್ರೆ ತಂಪು ಇನ್ನೂ ಜಾಸ್ತಿ ಅಲ್ವಾ?

ಅವನು ಪೆನ್ನಿನ ಮುಚ್ಚಳ ಹಾಕಿದ.

ಮೆಕ್ಯಾನಿಕ್: ಏಸಿ ಆರಿಸೋ ಮುಂಚೆ ಅರ್ಧ ಗಂಟೆ ಬರೀ ಫ್ಯಾನ್ ಓಡಿಸ್ತೀರಾ? ಒಳಗಿನ ಪಸೆ ಆರ್ಬೇಕಲ್ಲ.

ರೂಮು ತಣ್ಣಗಾದ ಕೂಡಲೇ ಗೋಡೆಯ ಸ್ವಿಚ್ಚನ್ನೇ ಆರಿಸುತ್ತೇನೆ ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ, ಆದರೆ ಇವಳಿಗೆ ಕೇಳಿಸಿತು. ಇವಳು ಬೈದಷ್ಟೂ ನಾನು ತೊಳೆದೆ, ನಾನು ತೊಳೆದಷ್ಟೂ ಬೂಷ್ಟು ಬೆಳೆಯಿತು, ಅದು ಬೆಳೆದಷ್ಟೂ ಇವಳು ಬೈದಳು. ಮೂರು ತಿಂಗಳು ನಮ್ಮ ಮನೆ ನಡೆದಿದ್ದು ಹೀಗೆ.

ಇವಳು: ಅದನ್ನೂ ಸೇರಿಸ್ಬಿಡಿ ಅಣ್ಣಾ.

ಸೇರಿಸಿ ಸಹಿ ಹಾಕಿದ. 'ವಾಸನೆ ಏಸಿಯದು, ಸರ್ ಅವರದಲ್ಲ. ಬೂಷ್ಟು ಬೆಳೆಸಿದ್ದು ಸರ್.' ಇವಳು ಅದನ್ನು ಎಲ್ಲರಿಗೂ ಕಾಣುವಂತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಫಿಲ್ಟರನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕುವುದು, ಕೊನೆಯ ಅರ್ಧ ಗಂಟೆ ಬರೀ ಫ್ಯಾನು ಓಡಿಸುವುದು, ಎರಡೂ ಇನ್ನು ಮೇಲೆ ನನ್ನ ತಲೆಗೇ. ಆಮೇಲೆ ಇವಳೇ ಹೋಗಿ ನನ್ನ ದಿಂಬು ತಂದು ಮಂಚದ ಮೇಲಿಟ್ಟು, ಎರಡು ಸಲ ತಟ್ಟಿದಳು. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಮೆಕ್ಯಾನಿಕ್ ದುಡ್ಡು ತೆಗೆದುಕೊಂಡರೂ ಹೊರಡಲಿಲ್ಲ. ಬ್ಯಾಗಿನ ಜಿಪ್ಪು ಎಳೆಯುವುದು, ಬಿಚ್ಚುವುದು ಮಾಡುತ್ತ ನಿಂತ.

ಮೆಕ್ಯಾನಿಕ್: ಅಮ್ಮಾ, ನಂಗೂ ಒಂದು ಬರ್ಕೊಡ್ತೀರಾ? ಆರು ವರ್ಷದಿಂದ ನಾನೂ ಹಾಲಲ್ಲೇ ಮಲಗೋದು. ದಿನಾ ನಾಲ್ಕು ಮನೆ ಬೂಷ್ಟು ಮೈ ಮೇಲೆ ಬೀಳುತ್ತೆ. ಇದು ಕೆಲಸದ ವಾಸನೆ ಕಣೇ ಅಂದ್ರೆ ನಮ್ಮವಳು ನಂಬಲ್ಲ. ನಿಮ್ಮಂಥ ಮೂಗಿನವರು ಬರ್ಕೊಟ್ರೆ ನಂಬ್ತಾಳೆ.

ಬರೆದುಕೊಡೇ, ಪಾಪ, ಒಂದು ಸಾಲು ತಾನೆ ಎಂದೆ. ಇವಳು ಪರೀಕ್ಷೆ ಮಾಡದೆ ಬರೆಯುವವಳಲ್ಲ. ಒಂದು ಮಾರು ದೂರ ನಿಂತು, ಕತ್ತು ಮುಂದೆ ಚಾಚಿ, ಮೊದಲು ಅವನ ತೋಳಿನ ಕಡೆ, ಆಮೇಲೆ ಕಾಲರಿನ ಕಡೆ ನಿಧಾನವಾಗಿ ಉಸಿರೆಳೆದಳು. ಅವನು ಪೆನ್ನನ್ನು ಮುಂದೆ ಹಿಡಿದೇ ಇದ್ದ.

ಇವಳು: ಇಲ್ಲ ಅಣ್ಣಾ. ಇದು ಏಸಿದಲ್ಲ.

ನಾನು ಬಚ್ಚಲಿಗೆ ಹೋಗಿ, ಉಳಿದಿದ್ದ ನಾಲ್ಕು ಔಷಧಿ ಸೋಪು ತಂದು ಅವನ ಬ್ಯಾಗಿಗೆ ಹಾಕಿದೆ. ಅವನು ಬೇಡವೆನ್ನಲಿಲ್ಲ.